ಜೊತೆಗಿರುವವರಿಗೊಂದು ಜಾಗ

ಮಗಳೇ,

ಮೊನ್ನೆ ನಿನ್ನ ಫೋನ್ ಬಡಿದುಕೊಂಡಿತು. ನಿನ್ನ ಕಾಲೇಜಿನಲ್ಲೇ ಓದಿ ಈಗ ಆರ್ಕಿಟೆಕ್ಟ್ ಆಗಿರುವ ಹೆಣ್ಣುಮಗಳೊಬ್ಬರು ಮಾಡಿದ್ದರು. ಮಾರ್ಗದರ್ಶಕರು ಬೇಕೆಂದು ನೀನು ಕೇಳಿಕೊಂಡಿದ್ದೆಯಂತೆ. ಕಾಲೇಜಿನವರು ಹಳೇ ಪಟ್ಟಿ ನೋಡಿ ಈಗ ನಿನ್ನನ್ನು ಅವರಿಗೆ ಒಪ್ಪಿಸಿದ್ದರು. "ಶನಿವಾರ ಡ್ರಾಯಿಂಗ್ ತಗೊಂಡು ಬರೋಕೆ ಹೇಳಿ" ಅಂದರು. ನೀನು ತೀರಿಕೊಂಡೆ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. "ಆಯ್ತಮ್ಮ" ಅಂದುಬಿಟ್ಟೆ.

ಇವತ್ತು ನಿನ್ನ ನಕ್ಷೆಗಳ ಸುರುಳಿ ಹಿಡಿದುಕೊಂಡು ನಾನೇ ಹೋದೆ. ಅವರು ಮೇಜಿನ ಮೇಲೆ ಹಾಳೆಗಳನ್ನು ಹರವಿ, ಮತ್ತೆ ಸುತ್ತಿಕೊಳ್ಳದಂತೆ ಮೂಲೆಗೊಂದು ಲೋಟ, ಸ್ಟೇಪ್ಲರ್ ಇಟ್ಟರು. "ಅವಳಿಗೆ ಹುಷಾರಿಲ್ವಾ?" ಎಂದರು. ನಾನು ಇನ್ನೊಂದು ಹಾಳೆ ಬಿಡಿಸಿ ಕೊಟ್ಟೆ. ಆಸ್ಪತ್ರೆಯ ನಕ್ಷೆ ಬಂದಾಗ ಅವರ ಕೈ ನಿಂತಿತು.

"ನೋಡಿ, ಪ್ರತಿ ಮಂಚದ ಪಕ್ಕ ಒಂದು ಕಟ್ಟೆ ಹಾಕಿದಾಳೆ, ಜೊತೆಗಿರೋರು ಮಲಗೋಕೆ. ನಮಗೆಲ್ಲ ಇದು ಹೊಳೆಯೋದೇ ಇಲ್ಲ. ಇವಳಿಗೆ ಹೇಗೆ ಹೊಳೀತು?"

"ಅವಳು ಆಸ್ಪತ್ರೇಲಿದ್ದಾಗ ನಾನು ವರಾಂಡದಲ್ಲಿ ನೆಲದ ಮೇಲೆ ಮಲಗ್ತಿದ್ದೆನಮ್ಮ" ಅಂದೆ. ಉಳಿದದ್ದನ್ನೂ ಹೇಳಿದೆ.

ಅವರು ಆ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು, "ಕಟ್ಟೆ ಸ್ವಲ್ಪ ಗಿಡ್ಡ ಆಯ್ತು, ಕಾಲು ಚಾಚೋಕಾಗಲ್ಲ" ಎಂದು ತಿದ್ದಿದರು. ಮುಂದಿನ ಹಾಳೆ ತೆಗೆದರು. ಬಾಗಿಲು ಎಲ್ಲಿರಬೇಕು, ಬೆಳಕು ಯಾವ ಕಡೆಯಿಂದ ಬರಬೇಕು, ಎಲ್ಲವನ್ನೂ ನೀನು ಎದುರಿಗೆ ಕೂತಿದ್ದೀಯೇನೋ ಎಂಬಂತೆ ಹೇಳುತ್ತ ಹೋದರು.

ನಿನ್ನ ನಕ್ಷೆಗಳನ್ನು ನಾನೂ ನೋಡಿದ್ದು ಇವತ್ತೇ. ಒಂದೂ ಅರ್ಥವಾಗದಿದ್ದರೂ, ಕೊನೆಯ ಹಾಳೆಯವರೆಗೂ ಹೂಂಗುಟ್ಟುತ್ತ ಕೂತಿದ್ದೆ.