ಒಂದು ಸಾಲಿನಲ್ಲಿ ಹಿಡಿಯದ ಕಾರಣ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ರಾಜೀನಾಮೆ ನಮೂನೆಯಲ್ಲಿ ‘ಕೆಲಸ ಬಿಡಲು ಕಾರಣ’ ಎಂಬುದಕ್ಕೆ ಒಂದೇ ಸಾಲು ಜಾಗವಿದೆ. ನನ್ನ ಕಾರಣ ಅದರಲ್ಲಿ ಹಿಡಿಯುತ್ತಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿನ ಹಗಲು ಪಾಳಿಗೆ ನಾನೊಬ್ಬಳೇ ನರ್ಸ್. ಹಾಸಿಗೆ ನಲವತ್ತು, ಮಲೇರಿಯಾ ಶುರುವಾದ ಮೇಲೆ ಮಕ್ಕಳು ಎಪ್ಪತ್ತನಾಲ್ಕು. ಜೊತೆಗಿದ್ದ ಎನೆಲೆಸ್ ಮ್ಸುಕ್ವಾ ಜನವರಿಯಲ್ಲಿ ಬಿಟ್ಟು ಹೋದಾಗ, ದಾದಿಯರ ಸೇವಾಮನೋಭಾವ ಕುಗ್ಗುತ್ತಿದೆ ಎಂದು ನೀವು ಸುತ್ತೋಲೆ ಹೊರಡಿಸಿದಿರಿ. ನಿಜ, ಅದು ಕುಗ್ಗಿತ್ತು. ಹದಿನಾಲ್ಕು ಗಂಟೆ ನಿಂತು ಅವಳ ಕಾಲು ಮಾತ್ರ ಊದಿತ್ತು.

ನಮ್ಮ ವಾರ್ಡು ಯಾರಿಂದ ನಡೆಯುತ್ತದೆ ಎಂಬುದು ನಿಮಗೂ ಗೊತ್ತು. ಪ್ರತಿ ಮಗುವಿನೊಂದಿಗೆ ಮನೆಯವರೊಬ್ಬರು ಬಂದು ಉಳಿಯುತ್ತಾರೆ. ಅಂಗಳದಲ್ಲಿ ನ್ಸಿಮಾ ಮುದ್ದೆ ಬೇಯಿಸುತ್ತಾರೆ, ಬಟ್ಟೆ ಒಗೆಯುತ್ತಾರೆ, ನೆಲದ ಮೇಲೆ ಮಲಗುತ್ತಾರೆ. ಡ್ರಿಪ್ ಕಾಯುವುದನ್ನು ಅವರಿಗೆ ಕಲಿಸಿದವಳು ನಾನು. ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ, ‘ನೀರು ಅಲ್ಲಿಗೆ ಇಳಿದಾಗ ನನ್ನನ್ನು ಕೂಗಿ’ ಎನ್ನುತ್ತಿದ್ದೆ. ಇದು ನಿಯಮಬಾಹಿರ, ಒಪ್ಪಿದೆ. ಎಪ್ಪತ್ತನಾಲ್ಕು ಮಕ್ಕಳಿಗೆ ಎರಡೇ ಕಣ್ಣು ಎಂಬುದು ನಿಯಮಬದ್ಧವೇ?

ಕಳೆದ ತಿಂಗಳು ಒಂದು ಮಧ್ಯಾಹ್ನ, ಫಲೆಸಿ ಎಂಬ ಅಜ್ಜಿ ತಮ್ಮ ಮೂರು ವರ್ಷದ ಮೊಮ್ಮಗಳು ಟಮಾಂಡಾಳ ಡ್ರಿಪ್ ಕಾಯುತ್ತಿದ್ದರು. ನಾನು ಇನ್ನೊಂದು ತುದಿಯಲ್ಲಿ, ಸೆಳವು ಬಂದ ಮಗುವನ್ನು ಹಿಡಿದುಕೊಂಡಿದ್ದೆ. ತಿರುಗಿ ಬರುವಷ್ಟರಲ್ಲಿ ಬಾಟಲಿ ಬರಿದಾಗಿತ್ತು; ಹನಿಯ ವೇಗ ಹಿಡಿದಿಡುವ ಕೊಳವೆಯ ಚಕ್ರ ಪೂರ್ತಿ ತೆರೆದಿತ್ತು. ಒಮ್ಮೆಲೇ ಹರಿದ ನೀರು ಶ್ವಾಸಕೋಶಕ್ಕೆ ತುಂಬಿ, ಟಮಾಂಡಾಳ ಎದೆಯಲ್ಲಿ ಗೊರಗೊರ ಸದ್ದು.

“ಈ ಚಕ್ರ ಯಾರಜ್ಜಿ ತಿರುಗ್ಸಿದ್ದು?”

“ನಾನೇ ಕಣಮ್ಮ. ಬೆಳಗಿಂದ ನೀನು ಒಂದು ತೊಟ್ಟು ನೀರೂ ಕುಡ್ದಿಲ್ಲ. ನಮ್ದು ಬೇಗ ಮುಗುದ್ರೆ ನಿಂಗೊಂದು ಕೆಲ್ಸ ಕಮ್ಮಿ ಆಗತ್ತೆ ಅಂತ...”

ಪಕ್ಕದ ಹಾಸಿಗೆಯ ತಾಯಿ ಗದರಿದಳು: “ಅದೇನು ಕೊಡಕ್ಕೆ ಹಿಡಿಯೋ ನೀರಾ ಅಜ್ಜಿ, ನಲ್ಲಿ ಪೂರ್ತಿ ಬಿಡಕ್ಕೆ?”

ಮಗು ಬದುಕಿತು. ಎರಡು ದಿನ ಅದನ್ನು ಎತ್ತಿ ಕೂರಿಸಿ, ಆಮ್ಲಜನಕ ಕೊಟ್ಟು ಉಳಿಸಿಕೊಂಡೆವು. ಆಗ ಉಳಿದ ಎಪ್ಪತ್ತಮೂರು ಮಕ್ಕಳನ್ನು ಯಾರು ನೋಡಿದರು ಎಂದು ನೀವು ಕೇಳಲಿಲ್ಲ. ಡ್ರಿಪ್ಪನ್ನು ಮನೆಯವರ ಕೈಗೆ ಬಿಟ್ಟಿದ್ದೇಕೆ ಎಂದು ಕೇಳಿದಿರಿ. ಬೇರೆ ಕೈ ಇರಲಿಲ್ಲ, ಸ್ವಾಮಿ. ಜೊತೆಗೆ ಆದೇಶ ಬಂತು: ಇನ್ನು ಮನೆಯವರು ವಾರ್ಡಿನ ಹೊರಗಿರತಕ್ಕದ್ದು. ಬಹಳ ಸಂತೋಷ. ನನಗಿದ್ದ ಎಪ್ಪತ್ತನಾಲ್ಕು ಜೋಡಿ ಕಣ್ಣುಗಳನ್ನೂ ಅಂಗಳಕ್ಕೆ ಕಳಿಸಿದಿರಿ.

ಹನ್ನೊಂದು ವರ್ಷ ಈ ಕೆಲಸವನ್ನು ಪ್ರೀತಿಸಿದ್ದೇನೆ. ಈಗ ವಾರ್ಡಿನ ಬಾಗಿಲಲ್ಲಿ ಕಾಲು ಮುಂದೆ ಹೋಗುವುದಿಲ್ಲ. ಇವತ್ತು ಯಾವ ಮಗುವಿಗೆ ಬೆನ್ನು ತಿರುಗಿಸಬೇಕಾಗುತ್ತದೋ ಎಂಬ ಭಯ.

ಮನೆಗೆ ಹೊರಟ ದಿನ ಫಲೆಸಿ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಬಿಟ್ಟು ಹೋಗ್ತೀಯಂತೆ? ಹೋಗ್ಬೇಡ ತಾಯಿ. ಇನ್ಮೇಲೆ ಆ ಚಕ್ರ ಮುಟ್ಟಲ್ಲ, ನನ್ನಾಣೆ.” ಈ ಇಡೀ ಪ್ರಕರಣದಲ್ಲಿ, ನನ್ನನ್ನು ಬಿಟ್ಟರೆ, ತಪ್ಪು ತನ್ನದೆಂದು ಒಪ್ಪಿಕೊಂಡವರು ಅವರೊಬ್ಬರೇ.

ಮುಂದಿನ ಸೋಮವಾರದೊಳಗೆ ಪ್ರತಿ ಪಾಳಿಗೂ ಇನ್ನೊಬ್ಬ ನರ್ಸನ್ನು ಕೊಡಿ. ಅಲ್ಲಿಯವರೆಗೆ ಮನೆಯವರನ್ನು ಒಳಗೆ ಬಿಡಿ. ಆಗದಿದ್ದರೆ ನನ್ನ ನಮೂನೆಗೆ ಸಹಿ ಹಾಕಿ. ಅದು ನಿಮ್ಮ ಮೇಜಿನ ಮೇಲಿದೆ. ಕಾರಣದ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಒಂದು ಮಧ್ಯಾಹ್ನ ನನ್ನ ವಾರ್ಡಿನಲ್ಲಿ ಒಬ್ಬರೇ ನಿಂತು, ಆಮೇಲೆ ನೀವೇ ತುಂಬಿ.

ಇಂತಿ,
ಇರಲಾರದೆ, ಹೋಗಲಾರದೆ,
ಡೋರಿಕಾ ಕಪಲಮುಲ
ಮಕ್ಕಳ ವಾರ್ಡು, ಹಗಲು ಪಾಳಿ, ಮಲಾವಿ