ಎಡಗಡೆಯ ಕುದುರೆ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಗುಂಡುಪಿನ್ನಿನ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಪತ್ರ ತಡವಾಯಿತು, ಕ್ಷಮಿಸು ಎನ್ನೋಣವೆಂದರೆ ನಾಲ್ಕು ವರ್ಷಕ್ಕೆ ಯಾರೂ ತಡ ಎನ್ನುವುದಿಲ್ಲ. ನನ್ನ ಒಂದು ತಮಾಷೆಯಿಂದ ನೀನು ಮನೆಯವರ ಗ್ರೂಪ್ ಬಿಟ್ಟು ಹೋದೆ. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ. ಹನ್ನೆರಡು ಸಲ ಮಾಡಿದೆ. ಆಮೇಲೆ ನನಗೂ ಬಿಗುಮಾನ ಬಂತು, ಸುಮ್ಮನಾದೆ.

ಈಗ ಬರೆಯಲು ಕಾರಣ ಕುದುರೆ. ಹೋದ ವಾರ ಸೋಮವಾರ ನಿನ್ನ ಎಡಗಡೆಯ ಕುದುರೆಯನ್ನು ಹೊಡೆದವನು ನಾನಲ್ಲ, ನನ್ನ ಹೆಬ್ಬೆರಳು. ಇದನ್ನು ಹೇಳದೆ ನನಗೆ ಊಟ ಸೇರುತ್ತಿಲ್ಲ.

ಹೌದು, ಆ ಚದುರಂಗದ ಆ್ಯಪಿನಲ್ಲಿ ನನ್ನ ಎದುರು ಆಡುತ್ತಿರುವುದು ನೀನೆಂದು ನನಗೆ ಗೊತ್ತು. ಆರು ತಿಂಗಳಿಂದ ಗೊತ್ತು. ನನಗೆ ಗೊತ್ತೆಂಬುದು ನಿನಗೂ ಗೊತ್ತೆಂದು ನನ್ನ ಅಂದಾಜು. ಮೊದಲಿಂದ ಹೇಳುತ್ತೇನೆ, ನಾನು ಮಾತಿನಲ್ಲಿ ಅಡ್ಡದಾರಿ ಹಿಡಿದರೆ ನನ್ನ ತಲೆಗೆ ಮೊಟಕಿದೆನೆಂದು ಅಂದುಕೋ.

ನಾನು ಆಟ ಆಡುವ ಜಾತಿಯವನಲ್ಲ ಎಂದು ನಿನಗೆ ಗೊತ್ತು. ನಮ್ಮ ಲಿಫ್ಟ್ ರಿಪೇರಿ ಆಫೀಸಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಫೋನಿನೊಳಗೆ ತಲೆ ತೂರಿಸಿ ಯಾರನ್ನೋ ಗುಂಡು ಹೊಡೆದು ಕೊಲ್ಲುತ್ತಿರುತ್ತಾರೆ. ನಾನು ಬಯ್ಯುತ್ತಿದ್ದೆ. ಹೋದ ವರ್ಷ ನಮ್ಮ ವೈರಿಂಗ್ ಮೇಸ್ತ್ರಿ, "ಬೈಯೋ ಮುಂಚೆ ಒಂದು ಆಟ ಆಡಿ ನೋಡಿ ಸಾರ್, ಆಮೇಲೆ ಸರಿಯಾಗಿ ಬೈಬಹುದು" ಎಂದು ನನ್ನ ಫೋನಿಗೂ ಹಾಕಿಕೊಟ್ಟ. ಮೂರು ದಿನ ಆಡಿದೆ. ಎರಡೇ ನಿಮಿಷಕ್ಕೆ ಸಾಯುತ್ತಿದ್ದೆ, ಅದೂ ನನ್ನ ಕಡೆಯವರ ಗುಂಡಿಗೆ. ಅದನ್ನು ತೆಗೆಸಿ ಚದುರಂಗ ಹಾಕಿಸಿಕೊಂಡೆ. ಹೆಸರು ಕೇಳಿತು. ಚಿಕ್ಕಂದಿನಲ್ಲಿ ತೆಳ್ಳಗೆ, ತಲೆ ಮಾತ್ರ ದಪ್ಪಗೆ ಇದ್ದ ನನಗೆ ನೀನೇ ಇಟ್ಟ ಹೆಸರು ಕೊಟ್ಟೆ.

ಅಕ್ಕ, ಆ ತಂತ್ರಾಂಶ ಬರೆದವರಿಗೆ ಕೈ ಮುಗಿಯಬೇಕು. ಮೂವತ್ತೈದು ವರ್ಷ ಲಿಫ್ಟುಗಳ ಹೊಟ್ಟೆಯೊಳಗೆ ಕೆಲಸ ಮಾಡಿದವನು ನಾನು. ಒಳ್ಳೆಯ ಲಿಫ್ಟ್ ಎಂದರೆ ಒಳಗಿರುವವರಿಗೆ ಅದರ ನೆನಪೇ ಬರಬಾರದು. ಈ ಆಟವೂ ಹಾಗೇ. ದಿನಕ್ಕೆ ಒಂದು ನಡೆ, ಅಷ್ಟೇ. ಅವಸರವಿಲ್ಲ, ಸದ್ದಿಲ್ಲ, ಜಾಹೀರಾತಿನವರು ಬಂದು ಕೂದಲೆಣ್ಣೆ ಬೇಕಾ ಎನ್ನುವುದಿಲ್ಲ. ಬ್ಯಾಂಕಿನ ಆ್ಯಪ್ ಇದೆಯಲ್ಲ, ಅದು ವಾರಕ್ಕೊಮ್ಮೆ ಮುಖ ಬದಲಾಯಿಸಿಕೊಂಡು ನೀನ್ಯಾರು ಎಂದು ನನ್ನನ್ನೇ ಕೇಳುತ್ತದೆ. ನಾನು ಹಾಗೆ ಲಿಫ್ಟಿನ ಗುಂಡಿಗಳನ್ನು ವಾರಕ್ಕೊಮ್ಮೆ ಜಾಗ ಬದಲಾಯಿಸಿದರೆ ಜನ ನನ್ನನ್ನು ಐದನೇ ಮಹಡಿಯಿಂದ ಕೆಳಗೆ ಬಿಡುತ್ತಾರೆ. ಚದುರಂಗದವರು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೇ ಇಟ್ಟಿದ್ದಾರೆ. ಮಾತಾಡುವುದಕ್ಕೂ ಐದೇ ತಯಾರಿ ಮಾತು ಕೊಟ್ಟಿದ್ದಾರೆ: ನಮಸ್ಕಾರ, ಒಳ್ಳೆಯ ನಡೆ, ಅಯ್ಯೋ, ಧನ್ಯವಾದ, ಇನ್ನೊಂದು ಆಟ. ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಈ ಐದೇ ಮಾತು ಕೊಟ್ಟಿದ್ದರೆ ಎಷ್ಟು ಮನೆಗಳಲ್ಲಿ ಜಗಳ ತಪ್ಪುತ್ತಿತ್ತು. ನನ್ನಂಥವನಿಗಂತೂ ಐದು ಮಾತೇ ಹೆಚ್ಚು.

ಏಳು ತಿಂಗಳ ಹಿಂದೆ ಒಂದು ಬೆಳಗ್ಗೆ ಹೆಸರಿಲ್ಲದ, ಬರೀ ನಂಬರಿನ ಯಾರೋ ನನ್ನನ್ನು ಹುಡುಕಿ ಆಟಕ್ಕೆ ಕರೆದರು. ಸರಿ ಎಂದೆ. ಮೂರು ವಾರ ಏನೂ ಗೊತ್ತಾಗಲಿಲ್ಲ. ಆಡುವವರು ಗಟ್ಟಿಗರು, ಆದರೆ ಎಡಗಡೆಯ ಕುದುರೆ ಮಾತ್ರ ಇಟ್ಟಲ್ಲೇ ಇತ್ತು. ಅದನ್ನು ಒಂದು ಹೆಜ್ಜೆ ತಂದಿದ್ದರೆ ನಾನು ಅಂದೇ ಸೋಲುತ್ತಿದ್ದೆ. ತರಲಿಲ್ಲ. ಇವರಿಗೇನು ಮರೆವೇ ಎಂದು ನಗುತ್ತಾ ನೋಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಶಾಯಿ ಬಾಟಲಿಯ ಮುಚ್ಚಳ ಕಣ್ಣ ಮುಂದೆ ಬಂತು.

ನಮ್ಮ ಚದುರಂಗದ ಒಂದು ಕುದುರೆಯನ್ನು ಕಳೆದವನು ನಾನೇ. ಅದರ ಜಾಗಕ್ಕೆ ಅಪ್ಪ ನೀಲಿ ಮುಚ್ಚಳ ಇಟ್ಟರೆ, ನನ್ನ ಕಡೆ ಮುಚ್ಚಳ ಬೇಡ ಎಂದು ಅತ್ತು ರಂಪ ಮಾಡಿದೆ. ನೀನು ಅದನ್ನು ನಿನ್ನ ಕಡೆಗೆ ಎಳೆದುಕೊಂಡು ಎಡಗಡೆಯ ಕುದುರೆಯ ಮನೆಯಲ್ಲಿಟ್ಟೆ. "ಮುಚ್ಚಳಕ್ಕೆ ಕಾಲಿಲ್ಲ, ಅದು ನಡಿಯಲ್ಲ. ನಡಿಯಕ್ಕಾಗದವರನ್ನ ಹೊಡಿಯೋ ಹಾಗಿಲ್ಲ" ಎಂದು ಕಾನೂನನ್ನೂ ಮಾಡಿದೆ. ಹತ್ತು ವರ್ಷ ಒಂದು ಕುದುರೆ ಕಡಿಮೆ ಇಟ್ಟುಕೊಂಡೇ ನನ್ನನ್ನು ಸೋಲಿಸಿದೆ. ಲೋಕದಲ್ಲಿ ಎಷ್ಟು ಕೋಟಿ ಜನ ಚದುರಂಗ ಆಡುತ್ತಾರೋ, ಹಾಗೆ ಆಡುವವಳು ನೀನೊಬ್ಬಳೇ.

ಆಮೇಲೆ ನೋಡಿದರೆ ಎಲ್ಲವೂ ನಿನ್ನದೇ ಗುರುತು. ನಡೆ ಬರುವುದು ಬೆಳಗ್ಗೆ ಆರೂ ಹತ್ತಕ್ಕೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆಳಗಿನ ಪಾಳಿಗೆ ಆರಕ್ಕೆ ಕೂತು, ಹತ್ತು ನಿಮಿಷ ಹೆಡ್‌ಫೋನ್ ಒರೆಸಿ, ಆಮೇಲೆ ಮೊದಲ ಕರೆ ಜೋಡಿಸುತ್ತಿದ್ದವಳಲ್ಲವೇ ನೀನು? ಒಂದು ದಿನ ನನ್ನ ಆನೆಗೆ ನಿನ್ನ ಆ ಕುದುರೆ ಸುಲಭವಾಗಿ ಸಿಕ್ಕಿತ್ತು. ನಾನು ಹೊಡೆಯದೆ ಪಕ್ಕಕ್ಕೆ ಸರಿದೆ. ಮಾರನೆಯ ದಿನ ಆರೂ ಹತ್ತಕ್ಕೆ ಧನ್ಯವಾದ ಎಂದು ಬಂತು. ಲಿಫ್ಟಿನ ತಳದ ಹಳ್ಳದಲ್ಲಿ ಕೂತು ಗ್ರೀಸು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡೆ. "ಮುಖಕ್ಕೇನ್ರೀ ಆಯ್ತು?" ಎಂದು ನನ್ನವಳು ಸಂಜೆ ಕೇಳಿದಳು. ಎಲ್ಲ ಹೇಳಿದೆ. "ಫೋನ್ ಮಾಡಿ ಮಾತಾಡಬಾರದಾ?" ಎಂದಳು. ಬೇಡ, ಇದೇ ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು ಅಕ್ಕ. ಬೆಳಗ್ಗೆ ಎದ್ದರೆ ನೀನು ಎದ್ದಿದ್ದೀಯೆಂದು ತಿಳಿಯುತ್ತಿತ್ತು.

ಅರವತ್ತಾರು ವರ್ಷಕ್ಕೆ ಒಬ್ಬಳೇ ಕೂತು ಇದನ್ನೆಲ್ಲ ಕಲಿತಿದ್ದೀಯಲ್ಲ, ಆ ನಿನ್ನ ತಲೆಗೆ ನಾನೇನು ಹೇಳಲಿ. ಹೆಸರು ಹುಡುಕುವುದು, ಪಾಸ್‌ವರ್ಡ್ ಇಡುವುದು, ಆಟಕ್ಕೆ ಕರೆ ಕಳಿಸುವುದು. ನನಗೆ ಮೇಸ್ತ್ರಿ ಬೇಕಾಯಿತು. ನಾಲ್ಕು ಆಟದಲ್ಲಿ ಮೂರು ನಿನ್ನವು. ನಾನು ಗೆದ್ದ ಒಂದು ಆಟದಲ್ಲೂ ನೀನು ಬಿಟ್ಟುಕೊಟ್ಟೆಯೆಂದು ನನಗೆ ಗುಮಾನಿಯಿದೆ.

ಇನ್ನು ಆ ಸೋಮವಾರ. ಆಸ್ಪತ್ರೆಯೊಂದರ ಹಳೆಯ ಲಿಫ್ಟು ಎರಡು ಮಹಡಿಯ ನಡುವೆ ನಿಂತಿತ್ತು. ಅದನ್ನು ಇಳಿಸಿ, ಸುಸ್ತಾಗಿ ಮೆಟ್ಟಿಲ ಮೇಲೆ ಕೂತು ಫೋನ್ ತೆಗೆದೆ. ಒಂಟೆಯನ್ನು ನಿನ್ನ ಕುದುರೆಗೆ ಒಂದು ಮನೆ ಹಿಂದೆ ನಿಲ್ಲಿಸಬೇಕಿತ್ತು. ಹೆಬ್ಬೆರಳಲ್ಲಿ ಗ್ರೀಸಿತ್ತು. ಜಾರಿತು, ಒಂಟೆ ಒಂದು ಮನೆ ಮುಂದೆ ಹೋಯಿತು, ಕುದುರೆ ಮಾಯ. ಇಷ್ಟು ಹೊತ್ತು ಹೊಗಳಿದ ಆ ತಂತ್ರಾಂಶದಲ್ಲಿ ಇಟ್ಟ ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೇ ಇಲ್ಲ.

ಗಾಬರಿಯಿಂದ ಅಯ್ಯೋ ಒತ್ತಿದೆ. ಹನ್ನೊಂದು ಸಲ ಒತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ಮಾತಾಡಿ ಎಂದು ಯಂತ್ರವೇ ನನ್ನನ್ನು ಗದರಿತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದರೆ ಆ ಅಯ್ಯೋದ ಪಕ್ಕದಲ್ಲಿ ಒಂದು ಪುಟ್ಟ ಮುಖವಿದೆ, ಹಲ್ಲು ಕಿರಿದು ನಗುತ್ತಿದೆ. ಅಂದರೆ ನಿನ್ನ ಕುದುರೆ ಹೊಡೆದು ಹನ್ನೊಂದು ಸಲ ನಿನಗೆ ನಗುವ ಮುಖ ಕಳಿಸಿದ್ದೇನೆ. ಅದೂ ಬೇರೆ ಯಾರೂ ಅಲ್ಲ, ನಾನು.

ಅಂದಿನಿಂದ ನಿನ್ನ ನಡೆ ಬಂದಿಲ್ಲ. ಇವತ್ತಿಗೆ ಎಂಟು ದಿನ. ಹದಿನಾಲ್ಕು ದಿನವಾದರೆ ಆಟ ತಾನಾಗಿ ಮುಗಿದು ನಾನು ಗೆದ್ದೆನೆಂದು ಬರುತ್ತದೆಯಂತೆ. ಆ ಗೆಲುವು ನನಗೆ ಬೇಡ. ಈ ಆಟ ಮುಗಿದರೆ ನೀನು ಇನ್ನೊಂದಕ್ಕೆ ಕರೆಯುವುದಿಲ್ಲವೆಂದು ಹೆದರಿಕೆ. ಆರೂ ಹತ್ತಕ್ಕೆ ಎದ್ದು ಖಾಲಿ ಫೋನ್ ನೋಡುವುದು ಎಷ್ಟು ಕಷ್ಟವೆಂದು ಈ ಎಂಟು ದಿನದಲ್ಲಿ ಗೊತ್ತಾಯಿತು. ಪತ್ರ ಮೂರು ದಿನದಲ್ಲಿ ಮುಟ್ಟುತ್ತದೆ ಎಂದಿದ್ದಾರೆ. ಏನಾದರೂ ಒಂದು ನಡೆ ಇಡು. ಕೆಟ್ಟ ನಡೆಯಾದರೂ ಪರವಾಗಿಲ್ಲ. ನನ್ನ ಮಂತ್ರಿಯನ್ನು ನಿನ್ನೆದುರು ತಂದು ನಿಲ್ಲಿಸುತ್ತೇನೆ, ಹೊಡೆದುಕೋ.

ಮಂಡಿ ನೋವಿಗೆ ಬಿಸಿನೀರಿನ ಚೀಲ ಬಿಡಬೇಡ ಎಂದು ನನ್ನವಳು ಹೇಳಿದ್ದಾಳೆ. ನೀನು ನೂರು ಕಾಲ ಇರು ಎಂದು ಹರಸುವಷ್ಟು ದೊಡ್ಡವನು ನಾನಲ್ಲ, ಆದರೂ ಇರು. ನನ್ನನ್ನು ಹರಸುವುದು ಮೊದಲಿಂದಲೂ ನಿನ್ನ ಕೆಲಸ, ಅದನ್ನು ಬಿಡಬೇಡ.

ನಿನ್ನ ತಮ್ಮ,
ಗುಂಡುಪಿನ್ನು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಿಗುಮಾನ ಎಂದು ಬರೆದದ್ದು ಸುಳ್ಳು, ಅದು ನಾಚಿಕೆ. ನಾಲ್ಕು ವರ್ಷದ ಹಿಂದೆ ಗ್ರೂಪಿನಲ್ಲಿ ನಿನ್ನ ಮೆಸೇಜು ಬಂದಾಗ ಮೊದಲ ಸಾಲು ಮಾತ್ರ ಓದಿದೆ, ಅಡುಗೆಮನೆಯ ನಲ್ಲಿ ಸರಿಹೋಯಿತು ಎಂದಿತ್ತು. ಓದಿದವನೇ "ಎಕ್ಸ್‌ಚೇಂಜಿನವರೇ ರಾಂಗ್ ನಂಬರ್ ಹಾಕ್ತಾರಲ್ಲ, ಅಕ್ಕನ ಫೋನ್ ಕಿತ್ಕೊಳ್ರೋ" ಎಂದು ಬರೆದೆ. ಎಲ್ಲರೂ ನಗುವ ಮುಖ ಹಾಕಿದರು. ಮಾರನೆಯ ಬೆಳಗ್ಗೆ ನನ್ನವಳು, "ಪೂರ್ತಿ ಓದಿದ್ರಾ?" ಎಂದು ಫೋನನ್ನು ನನ್ನ ಮುಂದಿಟ್ಟಳು. ನೀವು ಹೇಳಿದ ವಾಷರನ್ನೇ ಹಾಕಿಸಿದೆ, ನಿಮ್ಮ ಸ್ವೆಟರ್ ಬಿಸಿಲಿಗೆ ಹಾಕಿ ತೆಗೆದೆ, ನನ್ನ ಊಟ ಆಯಿತು ಎಂದಿತ್ತು. ಭಾವ ಹೋಗಿ ಆಗ ಹನ್ನೊಂದು ತಿಂಗಳಾಗಿತ್ತು. ದಿನವೂ ಸಂಜೆ ನೀನು ಅವರ ನಂಬರಿಗೆ ಬರೆಯುತ್ತಿದ್ದೆಯೆಂದು, ಅಂದು ಅದು ತಪ್ಪಿ ಗ್ರೂಪಿಗೆ ಬಂತೆಂದು ಆಗ ತಿಳಿಯಿತು. ಮೂವತ್ತು ವರ್ಷ ಒಂದು ಕರೆಯನ್ನೂ ತಪ್ಪಾಗಿ ಜೋಡಿಸದ ನಿನ್ನ ಬೆರಳು ಒಂದು ದಿನ ಜಾರಿದ್ದಕ್ಕೆ ನಾನು ಊರಿಗೆಲ್ಲ ಕೇಳುವ ಹಾಗೆ ನಕ್ಕೆ.

ಹೋದ ತಿಂಗಳು ಭಾವನ ನಂಬರಿಗೆ ಸುಮ್ಮನೆ ಒಮ್ಮೆ ಮಾಡಿ ನೋಡಿದೆ. ಅದೀಗ ಬೇರೆ ಯಾರದೋ ಆಗಿದೆ. ಹಾಗಾದರೆ ಸಂಜೆ ಯಾರಿಗೆ ಬರೆಯುತ್ತೀಯೋ ಗೊತ್ತಿಲ್ಲ. ನನಗೆ ಬರೆ ಅಕ್ಕ. ತಮಾಷೆ ಮಾಡುವುದಿಲ್ಲ. ಉತ್ತರ ಬೇಡವೆಂದರೆ ಉತ್ತರವನ್ನೂ ಬರೆಯುವುದಿಲ್ಲ, ಪೂರ್ತಿ ಓದಿ ಸುಮ್ಮನಿರುತ್ತೇನೆ. ಆ ನಲ್ಲಿ ಈಗ ಹೇಗಿದೆ?