ಮೇಲಿನ ಮೊಳೆಯ ಬ್ಯಾಡ್ಜು

ಮಾರ್ಚ್ 3, ಸೋಮವಾರ

ತಿಂಗಳ ಬ್ಯಾಡ್ಜುಗಳೆಲ್ಲ ವಾಪಸ್ ಬಂದವು. ಎಲ್ಲ ಅಂದರೆ, ಒಂದು ಬಿಟ್ಟು. ವರ್ಕ್‌ಶಾಪಿನ ಫಿಟ್ಟರು ತನ್ನದನ್ನು ಅಂಗಿಯ ಜೊತೆ ಒಗೆಯಲು ಹಾಕಿದ್ದಾನೆ. ಮನೆಗೆ ಒಯ್ಯಬೇಡಿ, ಸಂಜೆ ಕಾರಿಡಾರಿನ ಹಲಗೆಗೆ ನೇತುಹಾಕಿ ಹೋಗಿ ಅಂತ ಬಡ್ಕೊಂಡಿದ್ದೇ ಬಂತು.

ಅತ್ತೆ ಕೇಳಿದರು, ದಿನವಿಡೀ ಏನಮ್ಮ ಮಾಡ್ತೀಯ ಅಂತ. ಜನ ಎದೆ ಮೇಲೆ ಸಿಕ್ಕಿಸಿಕೊಂಡ ಬಿಲ್ಲೆ ತಂದುಕೊಡುತ್ತಾರೆ, ಯಾರ ಮೈಗೆ ಎಷ್ಟು ವಿಕಿರಣ ತಗಲಿದೆ ಅಂತ ಅದರಿಂದ ಓದಿ ಹೇಳುತ್ತೇನೆ ಅಂದೆ. ‘ಬಿಲ್ಲೆ ಓದೋಕೂ ಸಂಬಳ ಕೊಡ್ತಾರಾ’ ಅಂದರು. ಕೊಡ್ತಾರೆ ಅತ್ತೆ, ಸ್ವಲ್ಪ ಕಡಿಮೆ.

ಮಾರ್ಚ್ 4

ಎಲ್ಲ ತಣ್ಣಗೆ ಓದಿಸಿಕೊಂಡವು. ಕೊನೆಗೆ ಒಂದು… ವರ್ಷದ ಮಿತಿಯನ್ನೂ ದಾಟಿದೆ. ಇನ್ನೊಮ್ಮೆ ಓದೋಣವೆಂದರೆ ಆಗದು; ಓದಿದ ಕೂಡಲೇ ಅಳಿಸಿಹೋಗುವ ಜಾತಿ ಇದು. ಓದುವಾಗ ಮೂಡಿದ ಗ್ರಾಫ್ ಒಂದೇ ಗತಿ.

ಜಿರಾಫೆಯದು. ನಮ್ಮ ಉದ್ದನೆಯ ಇಂಜಿನಿಯರ್ ಹುಡುಗಿ. ಕಣಗಳ ಕಿರಣ ಹಾಯಿಸುವ ಹೊಸ ಬೀಮ್ ಮಶೀನನ್ನು ನೆಲದಿಂದ ಎಬ್ಬಿಸಿ ನಿಲ್ಲಿಸಿದವಳು. ಮಗಳು ಹೊಟ್ಟೆಯಲ್ಲಿದ್ದಾಗಲೂ ಕಾಲು ಬಾತ್ಕೊಂಡು ಡ್ರಾಯಿಂಗ್ ಮಾಡಿದವಳು. ತಿಂಗಳ ಕೊನೆಗೆ ಆ ಮಶೀನಿನ ಮೊದಲ ಓಟ.

ಡೈರೆಕ್ಟರಿಗೆ ಹೇಳಲೇಬೇಕಿತ್ತು. ಹೇಳಿದೆ. ಮಧ್ಯಾಹ್ನದೊಳಗೆ ಅವಳನ್ನು ಕೆಲಸದಿಂದ ದೂರ ಇಟ್ಟರು, ರಕ್ತಪರೀಕ್ಷೆಗೂ ಕಳಿಸಿದರು. ತಪ್ಪೇನಿಲ್ಲ, ನಿಯಮ. ಆದರೂ ಊಟ ಸೇರಲಿಲ್ಲ.

ಮಾರ್ಚ್ 5

ಬಂದಳು. ಬಾಗಿಲಿಗೆ ತಲೆ ಬಗ್ಗಿಸಿ ಬರುವವಳು ಇವತ್ತು ಮೊದಲೇ ಬಗ್ಗಿದ್ದಳು. ಬಿಡಿ ಭಾಗಗಳ ಪರೀಕ್ಷೆಗೆ ಮಶೀನ್ ಆನ್ ಇದ್ದಾಗ ಒಳಗೆ ಕಾಲಿಟ್ಟಿಲ್ಲವಂತೆ. ನಂಬಿದೆ. ಆಮೇಲೆ ಮೆಲ್ಲಗೆ—

‘ರಾತ್ರಿ ಮಗಳನ್ನ ಅವರಪ್ಪನ ಹತ್ರ ಮಲಗಿಸ್ದೆ, ಅಕ್ಕ.’

ಹುಚ್ಚಿ, ಅದು ಅಂಟೋ ಕಾಯಿಲೆನಾ, ನಿನಗೆ ನಾನು ಹೇಳಿಕೊಡಬೇಕಾ ಅಂದೆ.

‘ಗೊತ್ತು. ಗೊತ್ತಿದ್ದೂ ಮುಟ್ಟೋಕೆ ಕೈ ಬರ್ಲಿಲ್ಲ.’

ಅವಳು ಹೋದ ಮೇಲೆ ಅತ್ತುಬಿಟ್ಟೆ. ಸಿಟ್ಟಿಗೋ ಸಂಕಟಕ್ಕೋ ಗೊತ್ತಿಲ್ಲ.

ಮಾರ್ಚ್ 6, ಬೆಳಿಗ್ಗೆ

ಗ್ರಾಫ್ ಮತ್ತೆ ನೋಡಿದೆ. ಬ್ಯಾಡ್ಜಿನೊಳಗೆ ಮೂರು ಪುಟ್ಟ ಬಿಲ್ಲೆ. ಮುಂಭಾಗದಲ್ಲಿ ಒಂದಕ್ಕೆ ದಪ್ಪ ತಗಡು, ಒಂದಕ್ಕೆ ತೆಳು, ಒಂದಕ್ಕೆ ಏನೂ ಇಲ್ಲ. ಮುಂದಿನಿಂದ ಕಿರಣ ಬಿದ್ದರೆ ಮೂರೂ ಬೇರೆ ಬೇರೆ ಹೇಳಬೇಕು. ಇಲ್ಲಿ ಮೂರೂ ಒಂದೇ ರಾಗ.

ಅಂದರೆ ಬಿದ್ದಿದ್ದು ಹಿಂದಿನಿಂದ. ಬ್ಯಾಡ್ಜಿನ ಹಿಂದೆ ಇರುವುದು ಅವಳ ಎದೆ! ನಮ್ಮಲ್ಲಿರುವ, ತಗಡಿಗೇ ಸೊರಗುವ ಸಣಕಲು ಕಿರಣ ಮನುಷ್ಯರ ಮೈಯನ್ನು ತೂರಿಕೊಂಡು, ಒಂಚೂರೂ ಸೊರಗದೆ ಈಚೆ ಬರುತ್ತಾ?

ಬ್ಯಾಡ್ಜು ಅವಳ ಮೈಮೇಲೆ ಇರಲೇ ಇಲ್ಲ.

ಅದೇ ದಿನ, ಸಂಜೆ

ಕುಣಿದುಕೊಂಡು ಹೋಗಿ ಡೈರೆಕ್ಟರಿಗೆ ಹೇಳಿದೆ. ಅವರು ತಣ್ಣಗೆ, ಹಾಗಾದರೆ ಬ್ಯಾಡ್ಜನ್ನು ಬೇಕಂತಲೇ ಯಾವುದೋ ಮಶೀನಿನ ಬಾಯಿಗೆ ಇಟ್ಟಿದ್ದಾಳೆ, ಇಂಥವಳು ಬೀಮ್ ಹತ್ತಿರವೂ ಸುಳಿಯಕೂಡದು ಅಂದರು. ಉಪಕಾರ ಮಾಡಲು ಹೋಗಿ ಗುಂಡಿ ತೋಡಿದೆ.

ಸೀದಾ ಕಾರಿಡಾರಿಗೆ. ಸಾಲು ಸಾಲು ಬ್ಯಾಡ್ಜುಗಳು, ಮುಖ ನಮ್ಮ ಕಡೆ, ಬೆನ್ನು ಗೋಡೆಗೆ. ಬೆನ್ನು ಗೋಡೆಗೆ! ಜಿರಾಫೆಯ ಮೊಳೆ ಎಲ್ಲಕ್ಕಿಂತ ಮೇಲೆ. ಬೇರೆ ಯಾರಿಗೂ ಎಟುಕದು, ಅದಕ್ಕೇ ಅವಳ ಪಾಲಿಗೆ ಬಂದಿದ್ದು. ನಾನು ಸ್ಟೂಲ್ ಹತ್ತಿದರೂ ತುದಿಗಾಲು. ಗೋಡೆಯ ಆಚೆಗೆ ಹೋದ ತಿಂಗಳಷ್ಟೇ ಬಂದು ಕೂತ, ರಾತ್ರಿಯೂ ಓಡುವ ಎಕ್ಸ್‌ರೇ ಮಶೀನು.

ವಾಪಸ್ ಡೈರೆಕ್ಟರ್ ಹತ್ತಿರ. ಮಶೀನ್ ಕಂಪನಿಯವರು ಗೋಡೆಯಿಂದ ಕಿರಣ ಸೋರುತ್ತದೆಯೇ ಅಂತ ಅಳೆದೇ ಹೋಗಿದ್ದಾರೆ ಅಂದರು. ಎಷ್ಟೆತ್ತರದಲ್ಲಿ? ಎದೆಮಟ್ಟದಲ್ಲಿ. ಯಾರ ಎದೆ ಸಾರ್ ಅಂದೆ. ನಗಲಿಲ್ಲ. ಆದರೂ ಎಲ್ಲರ ಬ್ಯಾಡ್ಜು ನನ್ನ ರೂಮಿಗೆ ತಂದು, ಪ್ರತಿ ಮೊಳೆಗೂ ಯಾರ ಹೆಸರೂ ಇಲ್ಲದ ಹೊಸ ಬ್ಯಾಡ್ಜು ನೇತುಹಾಕಲು, ಅತ್ತ ಯಾರೂ ಓಡಾಡದಂತೆ ಕಾರಿಡಾರ್ ಮುಚ್ಚಲು ಒಪ್ಪಿದರು. ಒಂದು ವಾರ. ಏನೂ ಸಿಗದಿದ್ದರೆ ಅವಳ ಜಾಗಕ್ಕೆ ಬೇರೆಯವರು.

ಮಾರ್ಚ್ 14

ಓದಿದೆ. ಕೆಳಗಿನ ಮೊಳೆಗಳು ಮೌನ. ಮೌನ. ಮೌನ. ಮೇಲಿನದು—

ಮೂರೂ ಒಂದೇ ರಾಗ!

ಡೈರೆಕ್ಟರನ್ನೇ ಕರೆತಂದೆ. ನೆಲ ಒರೆಸುವ ಕೋಲಿಗೆ ವಿಕಿರಣದ ಮೀಟರ್ ಕಟ್ಟಿ, ಆಚೆಯವರಿಗೆ ಒಂದೇ ಒಂದು ಸಲ ಆನ್ ಮಾಡಿ ಅಂದೆ. ಎದೆಮಟ್ಟದಲ್ಲಿ ಸದ್ದಿಲ್ಲ. ತಲೆಮಟ್ಟದಲ್ಲಿ ಸದ್ದಿಲ್ಲ. ಕೋಲು ಮೇಲೆ ಹೋದಂತೆ ಮೀಟರ್ ಅರಚಿಕೊಂಡಿತು. ಅಷ್ಟು ಇಂಪಾದ ಸದ್ದು ನಾನು ಈಚೆಗೆ ಕೇಳಿಲ್ಲ.

ಮಶೀನ್ ಬಂದ್. ಹಲಗೆ ಕಿತ್ತರೆ, ಹಿಂದೆ ತೂತು. ಕೇಬಲ್ಲಿಗೆಂದು ಆ ಕಡೆಯಿಂದ ಕೊರೆದು, ಬೇಡವಾದ ಮೇಲೆ ಥರ್ಮಾಕೋಲ್ ತುರುಕಿ ಬಣ್ಣ ಬಳಿದಿದ್ದಾರೆ ಪುಣ್ಯಾತ್ಮರು. ಎಲ್ಲರ ತಲೆಯ ಮೇಲಿನಿಂದ ಹಾಯುತ್ತಿತ್ತು ಕಿರಣ, ಸದ್ಯ. ಡೈರೆಕ್ಟರ ಮುಖ ಹುಳ್ಳಗಾಗಿತ್ತು. ನನ್ನೆದುರೇ ಜಿರಾಫೆಗೆ ಫೋನ್ ಮಾಡಿ, ತಪ್ಪು ತಿಳಿದೆನಮ್ಮ, ನಾಳೆಯಿಂದ ಬಾ ಅಂದರು. ದೊಡ್ಡ ಮನುಷ್ಯ, ಒಪ್ಪಿಕೊಂಡೆ.

ನಾಳೆಯವರೆಗೆ ಕಾಯುತ್ತಾಳೆಯೇ, ಓಡಿಬಂದಳು. ಆ ತೂತನ್ನು ದೂರದಿಂದಲೇ ದಿಟ್ಟಿಸಿ ನೋಡಿದಳು. ಆಮೇಲೆ ಫೋನ್ ತೆಗೆದು ಮನೆಗೆ ಹೇಳಿದ್ದು ಇಷ್ಟೇ:

‘ನಾನು ಬರೋವರೆಗೂ ಅವಳನ್ನ ಮಲಗಿಸ್ಬೇಡಿ. ಇವತ್ತು ನನ್ನ ಪಕ್ಕ.’

ಗೆದ್ದೆ. ಇವತ್ತು ನಾನು ಗೆದ್ದೆ. ನನ್ನ ಕಾಲು ನೆಲದ ಮೇಲಿಲ್ಲ. ಅತ್ತೆಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, ಎರಡನೇ ಸಲ ಅನ್ನ ಬಡಿಸಿದರು.

ಮಾರ್ಚ್ 20

ರಕ್ತಪರೀಕ್ಷೆ ಬಂತು. ಏನೂ ಇಲ್ಲ. ಗೊತ್ತೇ ಇತ್ತು. ಆದರೂ ಎರಡು ಸಲ ಓದಿಕೊಂಡೆ.

ಮಾರ್ಚ್ 28, ಬೆಳಿಗ್ಗೆ

ಮೊದಲ ಓಟ, ಇವತ್ತೇ. ತೂತಿಗೆ ಸೀಸ ತುಂಬಿ, ಮೇಲೆ ಸೀಸದ ತಗಡು ಜಡಿದಾಯಿತು. ಹಲಗೆಯನ್ನು ನನ್ನ ರೂಮಿನ ಪಕ್ಕಕ್ಕೆ, ನನ್ನ ಎತ್ತರಕ್ಕೆ ಹೊಡೆಸಿದ್ದೇನೆ. ಜಿರಾಫೆ ನಡು ಬಗ್ಗಿಸಿ ಬ್ಯಾಡ್ಜು ತೆಗೆದುಕೊಳ್ಳುತ್ತಾ ಗೊಣಗಿದಳು. ಬಗ್ಗಲಿ. ಇಷ್ಟು ವರ್ಷ ನಾನು ಸ್ಟೂಲ್ ಹತ್ತಿಲ್ಲವೇ.

ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ ಅವಳದೇ ದನಿ. ಎಲ್ಲ ರೆಡಿಯಂತೆ. ಅಕ್ಕ ಬಂದು ನಿಲ್ಲೋವರೆಗೂ ಸ್ವಿಚ್ ಒತ್ತೋದಿಲ್ಲವಂತೆ. ಇಡೀ ಬಿಲ್ಡಿಂಗಿಗೆ ಕೇಳೋ ಹಾಗೆ ಹೇಳುತ್ತಿದ್ದಾಳೆ, ಡೈರೆಕ್ಟರು ಪಕ್ಕದಲ್ಲೇ ಇದ್ದಾರು. ಬಂದೆ ಮಾರಾಯ್ತಿ, ಬಂದೆ. ಪೆನ್ನು ಮುಚ್ಚಿ ಓಡಬೇಕು. ಕೋಟು ಇದೆ, ಕನ್ನಡಕ ಇದೆ, ನನ್ನ ಬ್ಯಾಡ್ಜು… ನನ್ನ ಬ್ಯಾಡ್ಜು ಎಲ್ಲಿ—